ಸಿಲ್ವಾರ ತಪ್ಪಲೆ ತಂದ ಮೇಷ್ಟ್ರು: ಆಲ್ಫ್ರೆಡ್ ಚಾಟರ್ಟನ್

ಹನೂರಿನ ನಮ್ಮ ಅಜ್ಜಿ ಮನೆಯಲ್ಲಿ ಒಂದು ಸಿಲ್ವಾರ ತಪ್ಪಲೆ ಇದೆ. ನಮ್ಮ ಕಡೆ ಅಲ್ಯೂಮಿನಿಯಂಗೆ ಸಿಲ್ವಾರ ಅಂತಲೇ ಹೇಳೋದು, ಬೆಳ್ಳಿಗೂ ಅದಕ್ಕೂ ಏನೂ ಸಂಬಂಧ ಇಲ್ಲದಿದ್ದರೂ. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಕೊಳ್ಳೇಗಾಲದಲ್ಲಿ ಕೊಂಡದ್ದಂತೆ. ಅದರಲ್ಲೇ ಐವತ್ತು ವರ್ಷ ಹಿಟ್ಟು ತಿರುವಿದ್ದಾರೆ. ದಿನಾ ಒಲೆಬೂದಿ ಹಾಕಿ ಉಜ್ಜಿ ಉಜ್ಜಿ ಅದರ ತಳ ಎಷ್ಟು ತೆಳ್ಳಗಾಗಿದೆ ಅಂದರೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತೆ. ಮೂಲೆಯಲ್ಲಿ ಒಂದು ಸಣ್ಣ ತೂತು ಕೂಡ ಬಿದ್ದಿದೆ. ಈಗ ಅದರಲ್ಲಿ ಕೋಳಿಗೆ ನುಚ್ಚು ಹಾಕ್ತಾರೆ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಫೌಂಡ್ರಿ ಲ್ಯಾಬಲ್ಲಿ ಸೀನಿಯರ್‌ಗಳು ಪ್ರಾಜೆಕ್ಟ್ ಮಾಡುತ್ತಿದ್ದರು. ಅಲ್ಯೂಮಿನಿಯಂ ಕರಗಿಸಿ, ಅದರೊಳಗೆ ಸಿಲಿಕಾನ್ ಕಾರ್ಬೈಡ್ ಪುಡಿಯನ್ನೂ ಥರ್ಮಲ್ ಸ್ಟೇಷನ್ನಿನ ಹಾರುಬೂದಿಯನ್ನೂ ಹಾಕಿ ಕಲಕಿ ಎರಕ ಹೊಯ್ಯುವುದು. ಇದಕ್ಕೆ ಮೆಟಲ್ ಮ್ಯಾಟ್ರಿಕ್ಸ್ ಕಾಂಪೊಸಿಟ್ ಅಂತಾರೆ, ಎಂಎಂಸಿ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ಅಜ್ಜಿಯ ತಪ್ಪಲೆ ನೆನಪಾಯ್ತು. ಅಲ್ಲಿ ಬೂದಿ ಹೊರಗಿನಿಂದ ಉಜ್ಜಿ ಅಲ್ಯೂಮಿನಿಯಂ ಸವೆಸಿತು. ಇಲ್ಲಿ ಬೂದಿಯನ್ನೇ ಒಳಗೆ ಸೇರಿಸಿ ಸವೆತ ಕಡಿಮೆ ಮಾಡುತ್ತಿದ್ದಾರೆ. ಅದೇ ತರದ ಕಣ, ಜಾಗ ಮಾತ್ರ ಬೇರೆ.

ಆಗ ಒಂದು ಪ್ರಶ್ನೆ ಬಂತು. ಈ ಲೋಹ ನಮ್ಮ ಕಡೆಯ ಅಡುಗೆಮನೆಗೆ ಬಂದದ್ದು ಹೇಗೆ? ಅಜ್ಜಿಯ ಅಜ್ಜಿ ಕಾಲದಲ್ಲಿ ಮಣ್ಣಿನ ಮಡಕೆ, ತಾಮ್ರ, ಹಿತ್ತಾಳೆ ಇತ್ತು. ಸಿಲ್ವಾರ ಇರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಸರ್ ಆಲ್ಫ್ರೆಡ್ ಚಾಟರ್ಟನ್. ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. ಆದರೆ ಅವರು ಅದಕ್ಕೂ ಮೊದಲು ಅಲ್ಯೂಮಿನಿಯಂ ಮನುಷ್ಯ ಆಗಿದ್ದರು ಅಂತ ನನಗಂತೂ ಗೊತ್ತಿರಲಿಲ್ಲ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೆಯೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎರಡು ಸರ್ಕಾರಗಳ ನಡುವಿನ ನಮ್ಮ ಊರುಗಳು

ಕಥೆಗೆ ಹೋಗುವ ಮುಂಚೆ ಒಂದು ವಿಷಯ ಹೇಳಬೇಕು. ಇವತ್ತು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಲ್ಲಿ ಹೋದರೆ ಸೀಟು ಬೆಚ್ಚಗಾಗೋದರೊಳಗೆ ಇಳಿಯಬೇಕು. ಆದರೆ 1956ರ ತನಕ ಇವೆರಡೂ ಬೇರೆ ಬೇರೆ ರಾಜ್ಯದಲ್ಲಿದ್ದವು. ಕೊಳ್ಳೇಗಾಲ (ಆಗ ಹನೂರೂ ಅದರಲ್ಲೇ ಸೇರಿತ್ತು) ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಊರು. ಒಂದು ಕಡೆ ಬ್ರಿಟಿಷರ ಕಾನೂನು, ಇನ್ನೊಂದು ಕಡೆ ಮಹಾರಾಜರ ಆಡಳಿತ.

ಚಾಟರ್ಟನ್ ಮೊದಲು ಮದ್ರಾಸಿನಲ್ಲಿ, ಆಮೇಲೆ ಮೈಸೂರಿನಲ್ಲಿ ಕೆಲಸ ಮಾಡಿದರು. ಅಂದರೆ ನಮ್ಮ ಗಡಿಯ ಆ ಕಡೆಯ ಸರ್ಕಾರಕ್ಕೂ ಈ ಕಡೆಯ ಸರ್ಕಾರಕ್ಕೂ ದುಡಿದವರು. ಒಂದು ಕಡೆ ಅವರ ಕೈ ಕಟ್ಟಿಹಾಕಿದರು, ಇನ್ನೊಂದು ಕಡೆ ಬಿಚ್ಚಿದರು. ಇದು ಮುಂದೆ ಗೊತ್ತಾಗುತ್ತೆ.

22ನೇ ವಯಸ್ಸಿಗೆ ಪ್ರೊಫೆಸರ್

ಚಾಟರ್ಟನ್ ಹುಟ್ಟಿದ್ದು 1866ರಲ್ಲಿ, ಇಂಗ್ಲೆಂಡಿನಲ್ಲಿ. ಎಂಜಿನಿಯರಿಂಗ್ ಓದಿ 1888ರಲ್ಲಿ ಮದ್ರಾಸಿಗೆ ಬಂದರು, ಅಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಪ್ರೊಫೆಸರ್ ಆಗಿ. ಇವತ್ತು ಗಿಂಡಿಯಲ್ಲಿದೆಯಲ್ಲ, ಅದೇ ಕಾಲೇಜು. ಆಗ ಚೇಪಾಕ್‌ನಲ್ಲಿತ್ತು. ಅವರಿಗೆ ಆಗ ಸುಮಾರು 22 ವರ್ಷ. ನಮ್ಮ ಫೈನಲ್ ಇಯರ್ ಅಣ್ಣಂದಿರ ವಯಸ್ಸು!

ಆ ಕಾಲದ ಎಂಜಿನಿಯರಿಂಗ್ ಕಾಲೇಜು ಅಂದರೆ ಹೆಚ್ಚಾಗಿ ಪಿಡಬ್ಲ್ಯೂಡಿಗೆ ಜನ ತಯಾರು ಮಾಡುವ ಜಾಗ. ರಸ್ತೆ, ಕಾಲುವೆ, ಸೇತುವೆ ಕಟ್ಟುವವರು ಬೇಕಿತ್ತು. ಕಾರ್ಖಾನೆ ನಡೆಸುವವರು ಬೇಕು ಅಂತ ಸರ್ಕಾರಕ್ಕೆ ಅಷ್ಟಾಗಿ ಅನ್ನಿಸಿರಲಿಲ್ಲ. ಚಾಟರ್ಟನ್‌ಗೆ ಮಾತ್ರ ಬೇರೆ ತಲೆನೋವು. ಇಲ್ಲಿ ಕೈಕೆಲಸ ಗೊತ್ತಿರುವ ಕಂಚುಗಾರರು, ಕಮ್ಮಾರರು, ನೇಕಾರರು, ಚರ್ಮ ಹದ ಮಾಡುವವರು ಊರೂರಲ್ಲಿ ಇದ್ದಾರೆ. ಆದರೆ ವಿಲಾಯತಿ ಸಾಮಾನು ಬಂದು ಒಬ್ಬೊಬ್ಬರ ಕಸುಬನ್ನೂ ತಿನ್ನುತ್ತಿದೆ. ಇವರ ಕೈಗೆ ಹೊಸ ವಸ್ತು, ಹೊಸ ಸಲಕರಣೆ ಕೊಟ್ಟರೆ ಏನಾಗುತ್ತೆ? ಅವರ ಮುಂದಿನ ಬದುಕೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ನಡೆಯಿತು.

1897ರಲ್ಲಿ ಅವರಿಗೆ ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್ ನೋಡಿಕೊಳ್ಳುವ ಜವಾಬ್ದಾರಿ ಬಂತು. ಹೆಸರು ಕೇಳಿದರೆ ಚಿತ್ರ ಬರೆಯುವ ಶಾಲೆ ಅನ್ನಿಸುತ್ತೆ. ಅಲ್ಲಿ ಲೋಹದ ಕೆಲಸ, ಮರಗೆಲಸ ಕೂಡ ಇತ್ತು. ಅವರು ತಮ್ಮ ಪ್ರಶ್ನೆಯನ್ನು ಪರೀಕ್ಷೆಗೆ ಇಟ್ಟದ್ದು ಅಲ್ಲೇ.

ಬೆಳ್ಳಿಯಂಥ ಲೋಹ

ಅಲ್ಯೂಮಿನಿಯಂ ಭೂಮಿಯ ಮೇಲ್ಪದರದಲ್ಲಿ ಅತಿ ಹೆಚ್ಚು ಸಿಗುವ ಲೋಹ. ಆದರೆ ಆಕ್ಸಿಜನ್ ಜೊತೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತೆ ಅಂದರೆ, ಕಬ್ಬಿಣದ ಹಾಗೆ ಇದ್ದಿಲು ಹಾಕಿ ಕುಲುಮೆಯಲ್ಲಿ ಬೇರೆ ಮಾಡಲು ಆಗೋದಿಲ್ಲ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಬೇರೆ ಬೇರೆಯಾಗಿ ಒಂದೇ ವಿಧಾನ ಕಂಡುಹಿಡಿದರು: ಅಲ್ಯೂಮಿನಾವನ್ನು ಕ್ರಯೊಲೈಟ್‌ನಲ್ಲಿ ಕರಗಿಸಿ ವಿದ್ಯುತ್ ಹರಿಸೋದು. ಅಲ್ಲಿಯತನಕ ಒಡವೆ ಲೋಹದಷ್ಟು ದುಬಾರಿಯಾಗಿದ್ದದ್ದು ಹತ್ತೇ ವರ್ಷದಲ್ಲಿ ಪಾತ್ರೆ ಮಾಡುವಷ್ಟು ಅಗ್ಗವಾಯ್ತು.

ಚಾಟರ್ಟನ್ ಅದನ್ನು ಗಮನಿಸಿದರು. ಲೆಕ್ಕ ಸರಳವಾಗಿತ್ತು. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.9 ಗ್ರಾಂ, ಹಿತ್ತಾಳೆಯದು 8.5ರ ಆಸುಪಾಸು, ಅಲ್ಯೂಮಿನಿಯಂದು 2.7. ಅಂದರೆ ಒಂದೇ ತೂಕದ ಲೋಹದಲ್ಲಿ ಮೂರು ಪಾಲು ಹೆಚ್ಚು ಪಾತ್ರೆ. ತಾಮ್ರ, ಹಿತ್ತಾಳೆ ಪಾತ್ರೆಗೆ ಆಗಾಗ ಕಲಾಯಿ ಹಾಕಿಸಬೇಕು, ಇಲ್ಲದಿದ್ದರೆ ಹುಳಿಗೆ ಕಿಲುಬು ಏಳುತ್ತೆ. ಅಲ್ಯೂಮಿನಿಯಂಗೆ ಕಲಾಯಿ ಬೇಡ. ಬಾವಿಯಿಂದ ನೀರು ಹೊರುವ ಹೆಂಗಸಿನ ಸೊಂಟಕ್ಕೆ ಬೀಳುವ ಭಾರ ಎಷ್ಟು ಇಳಿಯುತ್ತೆ ಅಂತ ಬೇರೆ ಹೇಳಬೇಕಿಲ್ಲ.

1898ರಲ್ಲಿ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ವಿಭಾಗ ಶುರುವಾಯ್ತು. ಲೋಹ ಹೊರದೇಶದ್ದು, ಕೈ ಇಲ್ಲಿನದು. ತಾಮ್ರ, ಹಿತ್ತಾಳೆ ಬಡಿದು ಅಭ್ಯಾಸ ಇದ್ದ ಕೆಲಸಗಾರರೇ ಇದನ್ನೂ ಬಡಿದರು. ಇಲ್ಲೊಂದು ಮೆಟೀರಿಯಲ್ ಸೈನ್ಸ್ ಇದೆ. ಮೆತ್ತಗೆ ಮಾಡಿದ ಶುದ್ಧ ಅಲ್ಯೂಮಿನಿಯಂನ ಎಳೆತದ ಬಲ ಸುಮಾರು 90 ಮೆಗಾಪಾಸ್ಕಲ್ ಅಷ್ಟೇ. ಅದನ್ನೇ ತಣ್ಣಗಿರುವಾಗ ಚೆನ್ನಾಗಿ ಬಡಿದರೆ, ಉರುಳೆಯಲ್ಲಿ ಒತ್ತಿದರೆ ಒಳಗಿನ ಡಿಸ್‌ಲೊಕೇಶನ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು 160ರ ಮೇಲೆ ಹೋಗುತ್ತೆ. ನಾವು ಸೆಕೆಂಡ್ ಇಯರ್‌ನಲ್ಲಿ ವರ್ಕ್ ಹಾರ್ಡನಿಂಗ್ ಅಂತ ಓದೋದು ಇದನ್ನೇ. ಕಂಚುಗಾರನ ಸುತ್ತಿಗೆಗೆ ಆ ಹೆಸರು ಗೊತ್ತಿರಲಿಲ್ಲ. ಯಾವಾಗ ಬಡಿಯೋದು ನಿಲ್ಲಿಸಬೇಕು, ಯಾವಾಗ ಬಿಸಿ ಮಾಡಿ ಮತ್ತೆ ಮೆತ್ತಗೆ ಮಾಡಬೇಕು ಅಂತ ಅವನ ಕೈಗೆ ಗೊತ್ತಿತ್ತು. ಚಾಟರ್ಟನ್ ನಂಬಿದ್ದು ಆ ಕೈಯನ್ನ.

ಪಾತ್ರೆಗಳನ್ನು ಪ್ರದರ್ಶನಕ್ಕೆ ಇಟ್ಟು ಸುಮ್ಮನಾಗಲಿಲ್ಲ, ಮಾರಿದರು. ಒಂದು ಸರ್ಕಾರಿ ಶಾಲೆ ಪಾತ್ರೆ ಮಾಡಿ ಜನಕ್ಕೆ ಮಾರುವುದು ಆಗ ವಿಚಿತ್ರ. ಅವರ ದೃಷ್ಟಿಯಲ್ಲಿ ಮಾರಾಟವೇ ಪರೀಕ್ಷೆ. ಜನ ದುಡ್ಡು ಕೊಟ್ಟು ಕೊಂಡು, ಸುಟ್ಟು, ಉಜ್ಜಿ, ಮತ್ತೆ ಬಂದು ಇನ್ನೊಂದು ಕೊಂಡರೆ ಮಾತ್ರ ವಸ್ತು ಪಾಸು. 1900ರಲ್ಲಿ ಮದ್ರಾಸಿನಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಅನ್ನೋ ಖಾಸಗಿ ಸಂಸ್ಥೆ ಹುಟ್ಟಿತು. ಬೇರೆ ವ್ಯಾಪಾರಿಗಳೂ ಇಳಿದರು. 1903ರಲ್ಲಿ ಶಾಲೆಯ ಅಲ್ಯೂಮಿನಿಯಂ ವಿಭಾಗವನ್ನು ಆ ಕಂಪನಿಗೆ ವಹಿಸಿಕೊಟ್ಟು ಚಾಟರ್ಟನ್ ಅದರಿಂದ ಕೈ ತೊಳೆದುಕೊಂಡರು. ನನಗೆ ತುಂಬಾ ಇಷ್ಟವಾದದ್ದು ಇದು. ಶುರು ಮಾಡಿದ್ದು ಸರ್ಕಾರ, ನಷ್ಟದ ಭಯ ಹೊತ್ತದ್ದು ಸರ್ಕಾರ, ಓಡುತ್ತೆ ಅಂತ ಗೊತ್ತಾದ ಮೇಲೆ ಬಿಟ್ಟುಕೊಟ್ಟಿತು.

ಹಾಗಂತ ಎಲ್ಲ ಚಂದ ಅಂತಲ್ಲ. ಮೊದಲು ಕೈಯಲ್ಲಿ ಬಡಿಯುತ್ತಿದ್ದ ಕಡೆ ಆಮೇಲೆ ಪ್ರೆಸ್ಸು, ಸ್ಪಿನ್ನಿಂಗ್ ಲೇತು ಬಂದವು. ಅಗ್ಗದ ಸಿಲ್ವಾರ ಹಳ್ಳಿ ಹಳ್ಳಿಗೆ ಬಂದ ಹಾಗೆಲ್ಲ ಕಂಚು, ಹಿತ್ತಾಳೆ ಕೆಲಸದವರ, ಕಲಾಯಿ ಹಾಕುವವರ ಸಂಪಾದನೆ ಇಳಿಯಿತು. ಕೈಕೆಲಸದವರನ್ನು ಉಳಿಸಬೇಕು ಅಂತ ಹೊರಟ ಮನುಷ್ಯ ತಂದ ಲೋಹ ಕೊನೆಗೆ ಅವರಲ್ಲೇ ಎಷ್ಟೋ ಜನರ ಕಸುಬಿಗೆ ಅಡ್ಡ ಬಂತು. ಇದನ್ನು ಮುಚ್ಚಿಟ್ಟರೆ ಕಥೆ ಅರ್ಧ ಆಗುತ್ತೆ.

ಕಪಿಲೆಯ ಚರ್ಮ, ಬಾವಿಯ ಪಂಪು

1903ರಲ್ಲೇ ಅವರು ಇನ್ನೊಂದಕ್ಕೆ ಕೈ ಹಾಕಿದರು. ಕ್ರೋಮ್ ಟ್ಯಾನಿಂಗ್, ಅಂದರೆ ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡೋದು. ನಮ್ಮ ಕಡೆ ಹಳೇ ವಿಧಾನದಲ್ಲಿ ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ಅದು ಒಳ್ಳೆ ಚರ್ಮವೇ. ಆದರೆ ನೀರಲ್ಲೇ ಇದ್ದರೆ ಬೇಗ ಕೊಳೆಯುತ್ತೆ.

ನೀರಲ್ಲೇ ಇರುವ ಚರ್ಮ ಯಾವುದು? ಕಪಿಲೆಯದು. ಕೊಳ್ಳೇಗಾಲ, ಹನೂರಿನ ಕಡೆ ಹಳೇ ಬಾವಿಗಳ ದಡದಲ್ಲಿ ಇನ್ನೂ ಕಪಿಲೆಯ ಕಲ್ಲು ಕಂಬಗಳು ನಿಂತಿರೋದನ್ನ ನೀವು ನೋಡಿರಬಹುದು. ಎತ್ತುಗಳು ಇಳಿಜಾರಲ್ಲಿ ಹಗ್ಗ ಎಳೆದರೆ ಬಾವಿಯಿಂದ ನೀರು ಮೇಲೆ ಬರುತ್ತಿತ್ತು. ಆ ನೀರು ತುಂಬುವ ಚೀಲ ಚರ್ಮದ್ದು. ದಿನವಿಡೀ ನೀರಲ್ಲಿ ಮುಳುಗಿ, ಕಲ್ಲಿಗೆ ಉಜ್ಜಿ, ಬಿಸಿಲಲ್ಲಿ ಒಣಗಿ, ಮತ್ತೆ ಮುಳುಗಿ ಅದು ಹಾಳಾಗುತ್ತಿತ್ತು. ಚಾಟರ್ಟನ್ ತಮ್ಮ ಕ್ರೋಮ್ ಚರ್ಮವನ್ನು ಈ ಕಪಿಲೆ ಚೀಲಕ್ಕೆ ಹಾಕಿ ನೋಡಿದರು. ತೊಗಟೆ ಚರ್ಮಕ್ಕಿಂತ ಚೆನ್ನಾಗಿ ಬಾಳಿಕೆ ಬಂತು. ಚಪ್ಪಲಿ, ಬೂಟಿಗೂ ಬಂತು.

ಇವತ್ತು ನಾವು ಸವೆತ ಅಳೆಯಲು ಪಿನ್-ಆನ್-ಡಿಸ್ಕ್ ಮೆಷೀನಲ್ಲಿ ಒಂದು ಸಣ್ಣ ಕಡ್ಡಿಯನ್ನು ತಿರುಗುವ ಉಕ್ಕಿನ ತಟ್ಟೆಗೆ ಒತ್ತಿ, ಎಷ್ಟು ಮಿಲಿಗ್ರಾಂ ಕಳೆದುಕೊಂಡಿತು ಅಂತ ತೂಗುತ್ತೇವೆ. ಅವರ ಪಿನ್ನು ಕಪಿಲೆ ಚೀಲ, ಅವರ ಡಿಸ್ಕು ಬಾವಿಯ ಕಲ್ಲು. ಫಲಿತಾಂಶ ಹೇಳುವವನು ರೈತ.

ಅಲ್ಲಿಗೂ ನಿಲ್ಲಲಿಲ್ಲ. ಎತ್ತೇ ಬೇಡದ ಹಾಗೆ ಆಯಿಲ್ ಎಂಜಿನ್ನು, ಸೆಂಟ್ರಿಫ್ಯುಗಲ್ ಪಂಪು ಜೋಡಿಸಿ ಬಾವಿಯಿಂದ ನೀರೆತ್ತುವ ಪ್ರಯೋಗ ಮಾಡಿದರು. ಮೊದಲು ಲೆಕ್ಕ ಹಾಕಿದರು: ಒಂದು ಬಾವಿಯಲ್ಲಿ ಎಷ್ಟು ನೀರು ಊರುತ್ತೆ, ಎಷ್ಟು ಎಕರೆಗೆ ಸಾಕು, ಎಣ್ಣೆಯ ಖರ್ಚು ಎಷ್ಟು, ಎತ್ತಿನ ಖರ್ಚು ಎಷ್ಟು. ಮದ್ರಾಸ್ ಪ್ರಾಂತ್ಯದ ರೈತರು ನೂರಾರು ಪಂಪು ಹಾಕಿಸಿಕೊಂಡರು. ಏತ ನೀರಾವರಿಯ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದರು. ಸೇಲಂನಲ್ಲಿ ಕೈಮಗ್ಗದ ಕಾರ್ಖಾನೆ ನಡೆಸಿ, ನೇಕಾರರಿಗೆ ಫ್ಲೈ ಶಟಲ್ ಕಲಿಸುವ ಕೆಲಸ ಬೇರೆ.

ಲಂಡನ್ನಿನಿಂದ ಬಂದ ಕಾಗದ

1908ರ ಹೊತ್ತಿಗೆ ಮದ್ರಾಸ್ ಸರ್ಕಾರ ಕೈಗಾರಿಕೆಗೆ ಒಂದು ಇಲಾಖೆಯನ್ನೇ ಮಾಡಿ ಚಾಟರ್ಟನ್ ಅವರನ್ನು ನಿರ್ದೇಶಕರನ್ನಾಗಿ ಮಾಡಿತ್ತು. ಆದರೆ ಮದ್ರಾಸಿನ ಯೂರೋಪಿಯನ್ ವರ್ತಕರಿಗೆ ಇದು ಹಿಡಿಸಲಿಲ್ಲ. ಸರ್ಕಾರವೇ ಚರ್ಮ ಹದ ಮಾಡಿ, ಬಟ್ಟೆ ನೇಯ್ದು ಮಾರಿದರೆ ನಾವೇನು ಮಾಡಬೇಕು ಅಂತ ದೂರು ಕೊಟ್ಟರು. ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಲಾರ್ಡ್ ಮಾರ್ಲಿ 1910ರಲ್ಲಿ ಒಂದು ಆದೇಶ ಕಳಿಸಿದರು. ಅದರ ಸಾರ ಇಷ್ಟು: ಸರ್ಕಾರದ ಹಣ ತಾಂತ್ರಿಕ ಶಿಕ್ಷಣಕ್ಕೆ ಖರ್ಚಾಗಲಿ, ವ್ಯಾಪಾರಕ್ಕೆ ಬೇಡ.

ಕೇಳೋಕೆ ಸರಿ ಅನ್ನಿಸುತ್ತೆ. ಕಲಿಸಿ, ಆದರೆ ಮಾರಬೇಡಿ. ಆದರೆ ಚಾಟರ್ಟನ್ ಅವರ ಇಡೀ ವಿಧಾನ ನಿಂತದ್ದೇ ಮಾರಾಟದ ಪರೀಕ್ಷೆಯ ಮೇಲೆ. ಅದನ್ನು ತೆಗೆದರೆ ಉಳಿಯೋದು ಕ್ಲಾಸ್‌ರೂಮು ಮಾತ್ರ. ಮದ್ರಾಸಿನ ಇಲಾಖೆ ಬಾಗಿಲು ಹಾಕಿತು. ಕ್ರೋಮ್ ಚರ್ಮದ ಕಾರ್ಖಾನೆಯನ್ನು ಕೊನೆಗೆ ದೂರದ ರೀವಾ ಸಂಸ್ಥಾನ ಕೊಂಡುಕೊಂಡಿತು. ಹತ್ತು ಹನ್ನೆರಡು ವರ್ಷದ ಕೆಲಸ ಒಂದು ಕಾಗದದಲ್ಲಿ ಮುಗಿಯಿತು.

ಗಡಿ ದಾಟಿದರು

ಬ್ರಿಟಿಷ್ ಪ್ರಾಂತ್ಯದಲ್ಲಿ ನಡೆಯದ್ದು ದೇಶೀ ಸಂಸ್ಥಾನದಲ್ಲಿ ನಡೆಯಿತು. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಇಲ್ಲಿ ಸರ್ಕಾರ ಕಾರ್ಖಾನೆ ನಡೆಸುವುದು ತಪ್ಪು ಅಂತ ಹೇಳುವವರಿರಲಿಲ್ಲ. ನಡೆಸಲೇಬೇಕು ಅನ್ನುವವರಿದ್ದರು.

ಎಲ್ಲರಿಗೂ ಗೊತ್ತಿರುವ ಕಥೆ ಗಂಧದ್ದು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಶ್ರೀಗಂಧ ಬೆಳೆಯುತ್ತೆ ಅಂತ ನಮಗೆ ಬೇರೆ ಯಾರೂ ಹೇಳಬೇಕಿಲ್ಲ. ಮೈಸೂರು ಸಂಸ್ಥಾನದ ಗಂಧದ ಮರವೆಲ್ಲ ಸರ್ಕಾರದ ಸ್ವತ್ತು. ಆದರೆ ಮರ ತುಂಡಾಗಿ ಹರಾಜಾಗಿ ಹಡಗು ಹತ್ತುತ್ತಿತ್ತು. ಎಣ್ಣೆ ತೆಗೆಯುವ ಕೆಲಸದಲ್ಲಿ ಜರ್ಮನಿ ಮುಂದಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಗೋದಾಮಲ್ಲೇ ಉಳಿಯಿತು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅನ್ನೋ ಇಬ್ಬರು ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. ಚಾಟರ್ಟನ್ ಅವರ ಇಲಾಖೆ ಅದನ್ನು ಕಾರ್ಖಾನೆಗೆ ಒಯ್ದಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ. ಅದರ ಬೆನ್ನಿಗೆ ಸಾಬೂನು. ನಮ್ಮ ಬಚ್ಚಲುಮನೆಯ ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದು ಆ ದಾರಿಯಲ್ಲಿ.

ಅಲ್ಯೂಮಿನಿಯಂನಲ್ಲಿ ಮಾಡಿದ್ದನ್ನೇ ಅವರು ಇಲ್ಲೂ ಮಾಡಿದರು. ಪ್ರಯೋಗಾಲಯದಲ್ಲಿ ಆಗುತ್ತೆ ಅಂತ ಗೊತ್ತಾದದ್ದನ್ನು ಅಲ್ಲಿಗೇ ಬಿಡಲಿಲ್ಲ.

1916ರಿಂದ 1918ರ ತನಕ ಸರ್ ಥಾಮಸ್ ಹಾಲೆಂಡ್ ಅಧ್ಯಕ್ಷತೆಯಲ್ಲಿ ಭಾರತೀಯ ಕೈಗಾರಿಕಾ ಆಯೋಗ ಕೂತಿತು. ಮದನ ಮೋಹನ ಮಾಳವೀಯ, ದೊರಾಬ್ ಟಾಟಾ ಅವರ ಜೊತೆ ಚಾಟರ್ಟನ್ ಕೂಡ ಸದಸ್ಯರು. ಸರ್ಕಾರ ದೂರ ನಿಂತು ನೋಡಬಾರದು, ಕೈಗಾರಿಕೆ ಬೆಳೆಸಲು ತಾನೇ ಇಳಿಯಬೇಕು ಅಂತ ಆ ಆಯೋಗ ವರದಿ ಕೊಟ್ಟಿತು. 1910ರಲ್ಲಿ ಬೇಡ ಅಂದಿದ್ದನ್ನು ಎಂಟೇ ವರ್ಷದಲ್ಲಿ ಬೇಕು ಅಂದರು. ಬಾಗಿಲು ಹಾಕಿಸಿಕೊಂಡ ಮನುಷ್ಯ ಅದೇ ಬಾಗಿಲು ತೆಗೆಯಬೇಕು ಅನ್ನೋ ವರದಿಗೆ ಸಹಿ ಹಾಕಿದರು.

ಅವರಿಂದ ಆಗದ ಕೆಲಸ

ಒಂದು ಕೊರತೆ ಮಾತ್ರ ಉಳಿಯಿತು. ಪಾತ್ರೆ ಇಲ್ಲಿನದು, ಲೋಹ ಹೊರಗಿನದು. ನಮ್ಮ ನೆಲದಲ್ಲಿ ಬಾಕ್ಸೈಟ್ ಇತ್ತು. ಆದರೆ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯೋಕೆ ಇವತ್ತಿನ ಒಳ್ಳೆ ಸ್ಮೆಲ್ಟರಿಗೂ ಸುಮಾರು 13ರಿಂದ 15 ಯೂನಿಟ್ ಕರೆಂಟ್ ಬೇಕು. ಆಗ ಇನ್ನೂ ಹೆಚ್ಚು ಬೇಕಿತ್ತು. ಕರೆಂಟ್ ಎಲ್ಲಿತ್ತು? ನಮ್ಮ ಪಕ್ಕದಲ್ಲೇ, ಶಿವನಸಮುದ್ರದಲ್ಲಿ. ಭರಚುಕ್ಕಿ ಕೊಳ್ಳೇಗಾಲದ ಕಡೆ, ಗಗನಚುಕ್ಕಿ ಮಳವಳ್ಳಿಯ ಕಡೆ. 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿತು. ಅದು ಸುಮಾರು 147 ಕಿಲೋಮೀಟರ್ ದೂರದ ಕೋಲಾರಕ್ಕೆ ಹೋಯಿತು, ಚಿನ್ನ ತೆಗೆಯೋಕೆ. ಸಿಲ್ವಾರ ಕಾಯಬೇಕಾಯಿತು.

ಭಾರತದಲ್ಲಿ ಅಲ್ಯೂಮಿನಿಯಂ ಲೋಹವನ್ನೇ ತಯಾರಿಸುವ ಕೆಲಸ ಶುರುವಾದದ್ದು 1943ರಲ್ಲಿ, ಕೇರಳದ ಆಲುವಾ ಬಳಿ. ಮೊದಲ ಪಾತ್ರೆಗೂ ಅದಕ್ಕೂ ನಡುವೆ 45 ವರ್ಷ! ಆಮೇಲೆ ನಮ್ಮ ಬೆಳಗಾವಿಗೂ ಬಂತು. ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಇಳಿದರೆ ಸಿಗುವ ಮೆಟ್ಟೂರಿಗೂ 1960ರ ದಶಕದಲ್ಲಿ ಬಂತು, ಸೇಲಂ ಕಡೆ ಬೆಟ್ಟಗಳ ಬಾಕ್ಸೈಟ್ ನಂಬಿಕೊಂಡು. ಭರಚುಕ್ಕಿಯಲ್ಲಿ ಧುಮುಕಿದ ಕಾವೇರಿಯೇ ಮುಂದೆ ಹರಿದು ಸೇರೋದು ಆ ಮೆಟ್ಟೂರಿನ ಅಣೆಕಟ್ಟೆಗೆ.

ಚಾಟರ್ಟನ್ 1958ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ್ದರು. ಭಾರತದ ಬಾಕ್ಸೈಟ್‌ನಿಂದ ಭಾರತದಲ್ಲೇ ಅಲ್ಯೂಮಿನಿಯಂ ಬಂದದ್ದು ಅವರು ಬದುಕಿದ್ದಾಗಲೇ ಆಯಿತು. ಎರಡು ವರ್ಷ ಮೊದಲು, 1956ರಲ್ಲಿ, ಕೊಳ್ಳೇಗಾಲ ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿತ್ತು. ಅವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿದ ಆ ಗಡಿಯೇ ಅಳಿಸಿಹೋಗಿತ್ತು.

ತಪ್ಪಲೆಯಿಂದ ಲ್ಯಾಬಿಗೆ

ಈಗ ಮತ್ತೆ ನಮ್ಮ ಲ್ಯಾಬಿಗೆ ಬರೋಣ. ಅಜ್ಜಿಯ ತಪ್ಪಲೆ ತೂತಾದದ್ದು ಯಾಕೆ? ಅಲ್ಯೂಮಿನಿಯಂ ಮೆತ್ತಗೆ. ಬೂದಿಯ ಜೊತೆ ಸೇರಿದ ಮರಳಿನ ಹರಳು ಗಟ್ಟಿ, ಅದು ಮೈ ಗೀರುತ್ತೆ. ಜೊತೆಗೆ ಒಲೆಬೂದಿ ಕ್ಷಾರ. ಅಲ್ಯೂಮಿನಿಯಂ ಮೈಮೇಲಿನ ಕಾವಲು ಪೊರೆಯನ್ನು ಕ್ಷಾರ ಕರಗಿಸುತ್ತೆ. 1953ರಲ್ಲಿ ಆರ್ಚರ್ಡ್ ಕೊಟ್ಟ ಸೂತ್ರದ ಪ್ರಕಾರ ಸವೆತ ಹೊರೆಗೂ ಜಾರಿದ ದೂರಕ್ಕೂ ತಕ್ಕಂತೆ ಏರುತ್ತೆ, ಗಡಸುತನ ಹೆಚ್ಚಿದಷ್ಟೂ ಇಳಿಯುತ್ತೆ. ಐವತ್ತು ವರ್ಷದ ಉಜ್ಜಾಟ ಅಂದರೆ ದೂರ ಎಷ್ಟಾಯ್ತು ನೀವೇ ಲೆಕ್ಕ ಹಾಕಿ.

ಗಡಸುತನ ಏರಿಸೋಕೆ ಒಂದು ದಾರಿ ಎಂಎಂಸಿ. ಎರಕದ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಾತ್ರದಲ್ಲಿ ಶೇಕಡ 20ರಷ್ಟು ಸಿಲಿಕಾನ್ ಕಾರ್ಬೈಡ್ ಸೇರಿದರೆ ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 70 ಗಿಗಾಪಾಸ್ಕಲ್‌ನಿಂದ 100ರ ಹತ್ತಿರ ಬರುತ್ತೆ, ಸವೆತ ಇಳಿಯುತ್ತೆ. ಆದರೆ ಪುಕ್ಕಟೆ ಏನೂ ಸಿಗಲ್ಲ. ಎಳೆದರೆ ಮುರಿಯುವ ಮುಂಚೆ ಉದ್ದವಾಗೋದು ಶೇಕಡ 1ಕ್ಕೂ ಕಡಿಮೆ ಆಗಬಹುದು. ಕಣ ಸರಿಯಾಗಿ ಅಂಟದಿದ್ದರೆ ಕಿತ್ತು ಬಂದು ಅದೇ ಮರಳಿನ ಹಾಗೆ ಉಜ್ಜುತ್ತೆ. ಕಲಕುವಾಗ ಪುಡಿ ಗಂಟು ಕಟ್ಟುತ್ತೆ. ಹಿಟ್ಟು ತಿರುವಿದವರಿಗೆ ಈ ಕಷ್ಟ ಗೊತ್ತು. ಅದಕ್ಕೇ ಪುಡಿಯನ್ನು ಮೊದಲೇ ಬಿಸಿ ಮಾಡಿ, ಸ್ವಲ್ಪ ಮೆಗ್ನೀಷಿಯಂ ಸೇರಿಸಿ, ಸುಳಿ ಎಬ್ಬಿಸಿ ನಿಧಾನಕ್ಕೆ ಉದುರಿಸೋದು.

ಈ ಎರಕದ ವಿಧಾನಕ್ಕೆ ದೊಡ್ಡ ಕೆಲಸ ನಡೆದದ್ದು ಕೂಡ ಬೆಂಗಳೂರಿನ ಅದೇ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ. 1970ರ ದಶಕದಲ್ಲಿ ಪ್ರದೀಪ್ ರೋಹಟ್ಗಿ, ಅವರ ಜೊತೆ ಎಂ. ಕೆ. ಸೂರಪ್ಪ ಮೊದಲಾದವರು ಕರಗಿದ ಅಲ್ಯೂಮಿನಿಯಂಗೆ ಗ್ರಾಫೈಟ್, ಸೆರಾಮಿಕ್ ಪುಡಿ ಬೆರೆಸಿದರು. ಗ್ರಾಫೈಟ್ ಸೇರಿದ ಅಲ್ಯೂಮಿನಿಯಂ ಉಜ್ಜುವಾಗ ತಾನೇ ಜಾರುಪುಡಿ ಬಿಡುತ್ತೆ, ಬೇರಿಂಗು, ಬುಷ್ಷಿಗೆ ಒಳ್ಳೆಯದು.

ಸೀನಿಯರ್‌ಗಳ ಪ್ರಾಜೆಕ್ಟ್ ಚೆನ್ನಾಗಿ ಬಂತು. ಗ್ರಾಫ್ ಬಂತು, ಮಾರ್ಕ್ಸ್ ಬಂತು. ರಿಪೋರ್ಟ್ ಬೈಂಡ್ ಆಗಿ ಬೀರು ಸೇರಿತು. ಅಲ್ಲಿ ಅದೇ ವಿಷಯದ ಹಳೇ ರಿಪೋರ್ಟ್‌ಗಳು ಸಾಲಾಗಿ ನಿಂತಿವೆ. ಕಣ ಶೇಕಡ 3, 6, 9. ಹೊರೆ 10, 20, 30 ನ್ಯೂಟನ್. ಯಾವ ರಿಪೋರ್ಟಿನ ಲೋಹವೂ ಯಾರ ಕೈಯಲ್ಲೂ ಸವೆದಿಲ್ಲ. ಅವರನ್ನು ದೂರೋಕೆ ಹೇಳ್ತಿಲ್ಲ, ನಾಳೆ ನಾನೂ ಅದನ್ನೇ ಮಾಡಬಹುದು. ಆದರೆ ಚಾಟರ್ಟನ್ ಬಗ್ಗೆ ಓದಿದ ಮೇಲೆ ಆ ಬೀರು ನೋಡಿದರೆ ಮಾರ್ಲಿಯ ಕಾಗದ ನೆನಪಾಗುತ್ತೆ. ಕಲಿಸಿ, ಆದರೆ ಮಾರಬೇಡಿ. ನಮಗೆ ಹಾಗಂತ ಈಗ ಯಾರೂ ಆದೇಶ ಕಳಿಸಿಲ್ಲ. ನಾವೇ ಪಾಲಿಸುತ್ತಿದ್ದೇವೆ.

ರಜೆಯಲ್ಲಿ ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗ ಇಟ್ಟಿರುವ ನಮ್ಮ ಪರಿಚಯದವರ ಮನೆಗೆ ಹೋಗಿದ್ದೆ. ಮಗ್ಗದಲ್ಲಿ ಯಾವ ಭಾಗ ಬೇಗ ಸವೆಯುತ್ತೆ ಅಂತ ಕೇಳಿದೆ. ಅವರು ನಗುತ್ತಾ ಒಂದು ಡಬ್ಬಿ ತಂದು ಮುಂದೆ ಸುರಿದರು. ಹಳೇ ಬುಷ್ಷುಗಳು, ಒಂದು ಕಡೆ ಮಾತ್ರ ತಿಂದುಹೋಗಿ ಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಮೂರು ಕೇಳಿಕೊಂಡು ಬಂದೆ. ಮುಂದಿನ ಸೆಮಿಸ್ಟರ್ ನಾವು ನಾಲ್ಕು ಜನ ಅದೇ ಅಳತೆಗೆ ಅಲ್ಯೂಮಿನಿಯಂ-ಗ್ರಾಫೈಟ್ ಬುಷ್ ಎರಕ ಹೊಯ್ದು ಆ ಮಗ್ಗಕ್ಕೇ ಹಾಕಬೇಕು ಅಂತಿದ್ದೇವೆ. ಗಂಟು ಕಟ್ಟಬಹುದು, ಬಿರುಕು ಬಿಡಬಹುದು, ಒಂದೇ ವಾರಕ್ಕೆ ಸವೆದುಹೋಗಬಹುದು. ಹಾಗಾದರೆ ಮಗ್ಗದವರೇ ಹೇಳ್ತಾರೆ, ಮುಲಾಜಿಲ್ಲದೆ.

ಮೆಟಲರ್ಜಿ ಗೊತ್ತಿರುವ ಸೀನಿಯರ್‌ಗಳು, ಲೇತ್ ಕೆಲಸ ಚೆನ್ನಾಗಿ ಬರುವವರು ಯಾರಾದರೂ ಇದ್ದರೆ ಫೌಂಡ್ರಿ ಲ್ಯಾಬ್ ಹತ್ತಿರ ಬನ್ನಿ. ಇನ್ನೂ ಒಬ್ಬರಿಗೆ ಜಾಗ ಇದೆ.